ಇಟಲಿಯ ಬೆಟ್ಟದೂರುಗಳು: ರೈಲು-ಬಸ್ಸೋ, ಬಾಡಿಗೆ ಕಾರೋ?

ಟಸ್ಕನಿ, ಉಂಬ್ರಿಯಾ ಕಡೆ ಹೊರಟವರೆಲ್ಲ ಮೊದಲು ಕೇಳುವುದು ಒಂದೇ: ಕಾರು ಬೇಕಾ, ಬೇಡವಾ? ಇಡೀ ಪ್ರವಾಸಕ್ಕೆ ಸೇರಿಸಿ ಕೇಳಿದರೆ ಇದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ, ಊರೂರಿಗೆ ಬೇರೆಬೇರೆಯಾಗಿ ಕೇಳಬೇಕು. ಒರ್ವಿಯೆಟೊಗೆ ಕಾರು ಒಯ್ದರೆ ನಿಲ್ಲಿಸಲು ಜಾಗ ಹುಡುಕುವುದೇ ಕೆಲಸವಾಗುತ್ತದೆ. ಪಿಯೆಂಜಾಗೆ ಬಸ್ಸನ್ನೇ ನಂಬಿಕೊಂಡರೆ, ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದಾದ ಊರಿಗೆ ಇಡೀ ದಿನ ಹೋಗುತ್ತದೆ.

ಇದಕ್ಕೆಲ್ಲ ನೆಲದ ಏರಿಳಿತವೇ ಕಾರಣ. ಈ ಊರುಗಳು ಶತ್ರುಗಳಿಂದ ತಪ್ಪಿಸಿಕೊಳ್ಳಲು ಗುಡ್ಡದ ನೆತ್ತಿ ಹಿಡಿದು ಕೂತವು. 19ನೇ ಶತಮಾನದಲ್ಲಿ ಬಂದ ರೈಲು ಹಳಿ ಕಣಿವೆ ಹಿಡಿದು ಸಾಗಿತು. ಹಾಗಾಗಿ ಸ್ಟೇಷನ್ ಯಾವಾಗಲೂ ಕೆಳಗೆ, ಊರು ಮೇಲೆ. ನಡುವಿನ ದೂರ ಎಷ್ಟು, ಅದನ್ನು ಹತ್ತಿಸಲು ಏನು ವ್ಯವಸ್ಥೆ ಇದೆ ಎಂಬುದನ್ನು ನೋಡಿದರೆ ಮುಕ್ಕಾಲು ತೀರ್ಮಾನ ಆದಂತೆ.

ಸ್ಟೇಷನ್ ಹೆಸರಲ್ಲೇ ಸುಳಿವಿದೆ

ಇಟಲಿಯ ಸ್ಟೇಷನ್ ಹೆಸರಿನಲ್ಲಿ ಅಡ್ಡಗೆರೆ ಕಂಡರೆ ಎಚ್ಚರವಾಗಬೇಕು. ‘ಪೊಜ್ಜಿಬೊನ್ಸಿ-ಸಾನ್ ಜಿಮಿನ್ಯಾನೊ’ ಎಂದಿದ್ದರೆ ಸ್ಟೇಷನ್ ಇರುವುದು ಪೊಜ್ಜಿಬೊನ್ಸಿಯಲ್ಲಿ. ಸಾನ್ ಜಿಮಿನ್ಯಾನೊಗೆ ಅಲ್ಲಿಂದ ಇನ್ನೂ ಹತ್ತು-ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು. ‘ಫೊಸ್ಸಾಟೊ ದಿ ವೀಕೊ-ಗುಬ್ಬಿಯೊ’ದಲ್ಲಿ ಇಳಿದರೆ ಗುಬ್ಬಿಯೊ ಸುಮಾರು 20 ಕಿಲೋಮೀಟರ್ ಆಚೆ. ‘ಟೆರೊಂಟೊಲಾ-ಕೊರ್ಟೋನಾ’, ‘ಕಮೂಚಾ-ಕೊರ್ಟೋನಾ’ ಎರಡೂ ಕೊರ್ಟೋನಾದ ಹೆಸರು ಹೊತ್ತಿವೆ, ಎರಡೂ ಕೊರ್ಟೋನಾದಲ್ಲಿಲ್ಲ. ಇವೆರಡರಲ್ಲಿ ಕಮೂಚಾ ಹತ್ತಿರದ್ದು. ಗೆರೆಯ ಹಿಂದಿನ ಹೆಸರು ನಿಜವಾದ ಜಾಗ, ಮುಂದಿನದು ಬರೀ ಆಸೆ ತೋರಿಸುವುದು.

ಹೆಸರಿನ ಜೊತೆ ‘ಸ್ಕಾಲೊ’ ಎಂದಿದ್ದರೆ ಅದು ಬೆಟ್ಟದ ಬುಡದಲ್ಲಿ ಸ್ಟೇಷನ್ ಸುತ್ತ ಬೆಳೆದ ಹೊಸ ಊರು. ‘ಒರ್ವಿಯೆಟೊ ಸ್ಕಾಲೊ’ದಲ್ಲಿ ಹೋಟೆಲ್ ಅಗ್ಗ ಎಂದು ಬುಕ್ ಮಾಡುವವರು ತಾವು ಊರಿನೊಳಗಲ್ಲ, ಊರಿನ ಕೆಳಗೆ ಉಳಿಯುತ್ತಿದ್ದೇವೆ ಎಂಬುದನ್ನು ತಿಳಿದಿರಬೇಕು.

ಕಾರನ್ನು ಮರೆತುಬಿಡಬಹುದಾದ ಊರುಗಳು

ಮೊದಲ ಸ್ಥಾನ ಒರ್ವಿಯೆಟೊಗೆ. ರೋಮ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ಫ್ಯೂನಿಕ್ಯುಲರ್, ಅಂದರೆ ಇಳಿಜಾರು ಹಳಿಯ ಮೇಲೆ ಹಗ್ಗ ಎಳೆಯುವ ಗಾಡಿ. 1888ರಲ್ಲಿ ನೀರಿನ ಭಾರದಿಂದ ಓಡಲು ಶುರುವಾದದ್ದು, 1990ರಿಂದ ವಿದ್ಯುತ್ತಿನಲ್ಲಿ ಓಡುತ್ತಿದೆ. ಅದು ಇಳಿಸುವ ಪಿಯಾಜ್ಜಾ ಕಾಹೆನ್‌ನಿಂದ ಕೆಥೆಡ್ರಲ್‌ವರೆಗೆ ಪುಟ್ಟ ಬಸ್ಸಿದೆ, ಅದೇ ಟಿಕೆಟ್ ನಡೆಯುತ್ತದೆ. ಬಸ್ ಹತ್ತುವ ಮುಂಚೆ ಅಲ್ಲೇ ಪಕ್ಕದಲ್ಲಿರುವ ಸಾನ್ ಪತ್ರೀಟ್ಸಿಯೊ ಬಾವಿ ನೋಡಿಬಿಡಿ. ಇಳಿಯಲು 248 ಮೆಟ್ಟಿಲು, ಹತ್ತಲು ಬೇರೆಯದೇ 248. ಇಳಿಯುವವರೂ ಹತ್ತುವವರೂ ಎದುರಾಗದಂತೆ ಎರಡು ಸುರುಳಿ ಒಂದರೊಳಗೊಂದು ಹೆಣೆದುಕೊಂಡಿವೆ. ಮಂಡಿ ನೋವಿರುವವರು ಮೇಲಿಂದ ಇಣುಕಿದರೆ ಸಾಕು.

ಪೆರುಜಾದಲ್ಲಿ ರೈಲಿಳಿದರೆ ಪಕ್ಕದಲ್ಲೇ ಮಿನಿಮೆಟ್ರೊ. 2008ರಲ್ಲಿ ಶುರುವಾದ, ಚಾಲಕನಿಲ್ಲದ ಚಿಕ್ಕ ಡಬ್ಬಿಗಳು. ಪಿಂಚೆಟ್ಟೊ ಎಂಬ ಕೊನೆಯ ನಿಲ್ದಾಣದಿಂದ ಲಿಫ್ಟ್, ಎಸ್ಕಲೇಟರ್ ಹಿಡಿದರೆ ಹಳೇ ಊರಿನ ನಡುಮಧ್ಯೆ ಇರುತ್ತೀರಿ. ರಾತ್ರಿ 9 ದಾಟಿದ ಮೇಲೆ ಇದು ನಿಂತುಬಿಡುತ್ತದೆ. ಊಟ ಮುಗಿಸಿ ಇಳಿಯುವವರು ಬಸ್ಸನ್ನೋ ಟ್ಯಾಕ್ಸಿಯನ್ನೋ ಮೊದಲೇ ನೋಡಿಕೊಂಡಿರಬೇಕು.

ಅಸಿಸಿಯ ಸ್ಟೇಷನ್ ಇರುವುದು ಕೆಳಗಿನ ಸಾಂಟಾ ಮರಿಯಾ ದೆಲ್ಯಿ ಆಂಜೆಲಿಯಲ್ಲಿ, ಬೆಟ್ಟದಿಂದ ನಾಲ್ಕೈದು ಕಿಲೋಮೀಟರ್ ದೂರ. ‘ಸಿ’ ಬಸ್ಸು ಹೆಚ್ಚುಕಡಿಮೆ ಅರ್ಧ ಗಂಟೆಗೊಂದು. ಹೆಚ್ಚಿನವರು ಸಂತ ಫ್ರಾನ್ಸಿಸ್ಸರ ಬೆಸಿಲಿಕಾ ಹತ್ತಿರ ಇಳಿದು, ಆಮೇಲೆ ಬಿಸಿಲಲ್ಲಿ ಇಡೀ ಊರನ್ನು ಏರುತ್ತಾರೆ. ಇದನ್ನು ತಿರುಗಿಸಿ. ಬಸ್ಸಿನಲ್ಲೇ ಕೂತು ಮೇಲಿನ ಪಿಯಾಜ್ಜಾ ಮತ್ತೆಯೊಟ್ಟಿವರೆಗೆ ಹೋಗಿ, ಅಲ್ಲಿಂದ ಇಳಿಯುತ್ತ ಇಳಿಯುತ್ತ ಊರು ನೋಡಿ, ಬೆಸಿಲಿಕಾದಲ್ಲಿ ಮುಗಿಸಿ, ಅದರ ಕೆಳಗಿನ ನಿಲ್ದಾಣದಲ್ಲಿ ವಾಪಸ್ ಬಸ್ ಹಿಡಿಯಿರಿ. ಅಪ್ಪ-ಅಮ್ಮನನ್ನು ಕರೆದುಕೊಂಡು ಬಂದವರಿಗೆ ಈ ಒಂದು ಬದಲಾವಣೆಯಿಂದ ದಿನ ಉಳಿಯುತ್ತದೆ.

ಅದೇ ಹಳಿಯ ಮೇಲೆ ಸ್ಪೆಲ್ಲೊ ಇದೆ, ಸ್ಟೇಷನ್‌ನಿಂದ ನಡೆದೇ ಹತ್ತು ನಿಮಿಷ. ಸ್ಪೊಲೆಟೊದಲ್ಲಿ ಬೆಟ್ಟದೊಳಗೇ ಎಸ್ಕಲೇಟರ್, ಚಲಿಸುವ ಕಾಲುದಾರಿಗಳನ್ನು ಕೊರೆದಿದ್ದಾರೆ. ಉಂಬ್ರಿಯಾಕ್ಕೆ ಮೂರ್ನಾಲ್ಕು ದಿನ ಇಟ್ಟುಕೊಂಡವರು ಫೊಲಿನ್ಯೊದಲ್ಲಿ ಉಳಿಯುವುದು ಜಾಣತನ. ಫೋಟೊಗೆ ಹೇಳಿದ ಊರಲ್ಲ, ಪೂರ್ತಿ ಸಮತಟ್ಟು. ಅದೇ ಅದರ ಗುಣ: ಸೂಟ್‌ಕೇಸ್ ಉರುಳಿಸಿಕೊಂಡು ಹೋಟೆಲ್ ಸೇರಬಹುದು, ಸ್ಪೆಲ್ಲೊ, ಅಸಿಸಿ, ಸ್ಪೊಲೆಟೊ ಮೂರೂ ಅರ್ಧ ಗಂಟೆಯೊಳಗೆ, ಪೆರುಜಾ ಸ್ವಲ್ಪ ಹೆಚ್ಚು.

ಸಿಯೆನಾ ಮಾತ್ರ ಸ್ವಲ್ಪ ಬೇರೆ. ಫ್ಲಾರೆನ್ಸ್‌ನಿಂದ ರೈಲೂ ಇದೆ, ಬಸ್ಸೂ ಇದೆ, ಬಸ್ಸೇ ಮೇಲು. 131ಆರ್ ಎಂಬ ವೇಗದ ಬಸ್ ಸಾಂಟಾ ಮರಿಯಾ ನೊವೆಲ್ಲಾ ಸ್ಟೇಷನ್ ಪಕ್ಕದ ನಿಲ್ದಾಣದಿಂದ ಹೊರಟು ಒಂದೂಕಾಲು ಗಂಟೆಯಲ್ಲಿ ಹಳೇ ಊರಿನ ಅಂಚಿಗೇ ತಂದಿಳಿಸುತ್ತದೆ. ಆರ್ ಇಲ್ಲದ ಬರೀ 131 ದಾರಿಯಲ್ಲಿ ಪೊಜ್ಜಿಬೊನ್ಸಿ ಸುತ್ತಿ ಬರುವುದು, ಬೋರ್ಡ್ ನೋಡಿ ಹತ್ತಿ. ರೈಲಿಗೆ ಒಂದೂವರೆ ಗಂಟೆ, ಕೆಲವಕ್ಕೆ ಎಂಪೊಲಿಯಲ್ಲಿ ಬದಲಿಸಬೇಕು. ಇಳಿದ ಮೇಲೆ ಸ್ಟೇಷನ್ ಎದುರಿನ ಶಾಪಿಂಗ್ ಸೆಂಟರ್ ಹೊಕ್ಕು ಒಂದರ ಮೇಲೊಂದು ಎಸ್ಕಲೇಟರ್ ಹತ್ತಿ, ಮತ್ತೆ ಇಪ್ಪತ್ತು ನಿಮಿಷ ನಡೆದರೆ ಕಾಂಪೊ ಚೌಕ.

ಪ್ರಾದೇಶಿಕ ರೈಲಿಗೆ ದರ ನಿಗದಿ, ಮುಂಗಡ ಕೊಂಡರೆ ಅಗ್ಗವಾಗುವುದಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಕೂತು ಎರಡು ತಿಂಗಳು ಮೊದಲೇ ಕೊಳ್ಳುವ ಅಗತ್ಯ ಇಲ್ಲ. ಕಾಗದದ ಟಿಕೆಟ್ಟಾದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್‌ನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ಮುದ್ರೆ ಬಿದ್ದ ಮೇಲೆ 4 ಗಂಟೆ ಚಾಲ್ತಿ. ಆ್ಯಪ್‌ನಲ್ಲಿ ಕೊಂಡಿದ್ದರೆ ಚೆಕ್-ಇನ್ ಒತ್ತಿ. ಟಿಕೆಟ್ ಕೈಯಲ್ಲಿದ್ದೂ ದಂಡ ಕಟ್ಟುವ ಪ್ರವಾಸಿಗರೆಲ್ಲ ಇದೊಂದನ್ನು ಮರೆತವರೇ.

ಬಸ್ ವೇಳಾಪಟ್ಟಿ ಓದುವುದು

ಕಾರಿಲ್ಲದೆ ಹೋಗುವವರ ಯೋಜನೆ ಮುರಿದುಬೀಳುವುದು ರೈಲಿನಲ್ಲಲ್ಲ, ಬಸ್ ನಿಲ್ದಾಣದ ಗಾಜಿನ ಹಿಂದೆ ಅಂಟಿಸಿದ ಆ ಹಾಳೆಯ ಮುಂದೆ. ಸಮಯಗಳ ಸಾಲು ನೋಡಿದರೆ ದಿನಕ್ಕೆ ಹತ್ತು ಬಸ್ಸು ಇದ್ದಂತೆ ಕಾಣುತ್ತದೆ. ಮೇಲಿನ ಸಣ್ಣ ಅಕ್ಷರ ಓದಿದರೆ ಹತ್ತು ಮೂರಾಗುತ್ತದೆ.

ಎರಡು ಪದ ಬಾಯಿಪಾಠ ಮಾಡಿಕೊಳ್ಳಿ. ‘ಫೆರಿಯಾಲೆ’ ಅಂದರೆ ಕೆಲಸದ ದಿನ, ಶನಿವಾರವೂ ಸೇರಿ. ‘ಫೆಸ್ಟಿವೊ’ ಅಂದರೆ ಭಾನುವಾರ ಮತ್ತು ಸರ್ಕಾರಿ ರಜೆ. ‘ಫೆರಿಯೆ’ ಎಂದರೆ ರಜೆ ಎಂದು ಅರ್ಧ ಇಟಾಲಿಯನ್ ಕಲಿತವರಿಗೆ ಗೊತ್ತಿರುವುದರಿಂದ ‘ಫೆರಿಯಾಲೆ’ಯನ್ನು ರಜಾದಿನ ಎಂದುಕೊಂಡು ಭಾನುವಾರ ಬಂದು ನಿಲ್ಲುತ್ತಾರೆ. ಮೂರನೆಯದು ‘ಸ್ಕೊಲಾಸ್ಟಿಕೊ’: ಈ ಗುರುತಿರುವ ಬಸ್ ಶಾಲೆ ನಡೆಯುವ ದಿನ ಮಾತ್ರ. ಇಟಲಿಯ ಶಾಲೆಗಳು ಜೂನ್ ಮೊದಲ ಭಾಗದಲ್ಲಿ ಮುಚ್ಚಿದರೆ ಸೆಪ್ಟೆಂಬರ್ ಮಧ್ಯಕ್ಕೇ ತೆರೆಯುವುದು. ಬೇಸಿಗೆಗೆ ಬರುವ ಪ್ರವಾಸಿಗೆ ಬೆಟ್ಟದೂರಿನ ಬಸ್ಸುಗಳಲ್ಲಿ ದೊಡ್ಡ ಪಾಲು ಹೀಗೇ ಕಳೆದುಹೋಗುತ್ತದೆ. ಈ ಬಸ್ಸುಗಳಿರುವುದೇ ಮಕ್ಕಳನ್ನು ಶಾಲೆಗೆ ಒಯ್ಯಲು. ಬೆಳಗ್ಗೆ 7ಕ್ಕೆ ಕೆಳಗಿಳಿಯುತ್ತವೆ, ಮಧ್ಯಾಹ್ನ ಒಂದೂವರೆ-ಎರಡಕ್ಕೆ ಮೇಲೇರುತ್ತವೆ. ಬೆಳಗ್ಗೆ ಹತ್ತಿ ಸಂಜೆ ಇಳಿಯಬೇಕಾದ ನಮಗೆ ಸರಿಯಾಗಿ ಉಲ್ಟಾ.

ಹಾಗಾಗಿ ಯೋಜನೆಯನ್ನು ಹಿಂದಿನಿಂದ ಹಾಕಿ. ವಾಪಸ್ ಬರುವ ಕೊನೆಯ ಬಸ್ ಯಾವುದು, ಅದು ತಪ್ಪಿದರೆ ಟ್ಯಾಕ್ಸಿ ಸಿಗುತ್ತದಾ ಎಂಬುದನ್ನು ಮೊದಲು ನೋಡಿ. ಕೈ ತೋರಿಸಿ ನಿಲ್ಲಿಸುವ ಟ್ಯಾಕ್ಸಿ ಇಂಥ ಊರುಗಳಲ್ಲಿಲ್ಲ, ಫೋನ್ ಮಾಡಿಯೇ ಕರೆಸಬೇಕು. ಬಸ್ ಟಿಕೆಟ್ಟನ್ನು ‘ಟಿ’ ಬೋರ್ಡಿನ ತಬಾಕಿ, ಅಂದರೆ ತಂಬಾಕು ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ಅಂಗಡಿ ಮಧ್ಯಾಹ್ನ ಮುಚ್ಚುತ್ತದೆ, ಬಸ್ಸಿನಲ್ಲಿ ಕೊಂಡರೆ ದುಬಾರಿ.

ಸಾನ್ ಜಿಮಿನ್ಯಾನೊ ಈ ಲೆಕ್ಕದಲ್ಲಿ ಪಾಸಾಗುತ್ತದೆ. ಪೊಜ್ಜಿಬೊನ್ಸಿಯಿಂದ 130 ನಂಬರ್ ಬಸ್ ಇಪ್ಪತ್ತು-ಇಪ್ಪತ್ತೈದು ನಿಮಿಷ, ವಾರದ ದಿನ ಸಾಕಷ್ಟಿವೆ, ಭಾನುವಾರ ತೆಳುವಾಗುತ್ತವೆ. ಒಂದು ಕಾಲಕ್ಕೆ 72 ಗೋಪುರವಿದ್ದ ಊರಲ್ಲಿ ಈಗ ಉಳಿದಿರುವುದು 14. ಅವನ್ನು ನೋಡಲು ಹಗಲಿಡೀ ಪ್ರವಾಸಿ ಬಸ್ಸುಗಳು ಸುರಿಯುತ್ತವೆ. ಸಂಜೆ 5ರ ನಂತರದ ಊರು ಬೇರೆಯೇ, ಆದರೆ ಅದನ್ನು ನೋಡಲು ಅಲ್ಲೇ ಉಳಿಯಬೇಕು, ಇಲ್ಲವೇ ಕಾರಿರಬೇಕು. ಕೊರ್ಟೋನಾಕ್ಕೂ ಕಮೂಚಾದಿಂದ ಬಸ್ಸುಂಟು. ವೊಲ್ಟೆರಾಗೆ ಫ್ಲಾರೆನ್ಸ್‌ನಿಂದ ಕೊಲ್ಲೆ ವಾಲ್ ದೆಲ್ಸಾದಲ್ಲಿ ಬದಲಿಸಿ ಹೋಗುವಷ್ಟರಲ್ಲಿ ಎರಡು ಗಂಟೆ. ಆಗದ ಕೆಲಸವಲ್ಲ, ಬೇಸರದ ಕೆಲಸ.

ಮುಷ್ಕರದ ದಿನ ಏನು ಗತಿ? ಇಟಲಿಯಲ್ಲಿ ‘ಷೊಪೆರೊ’ ಆಗಾಗ ಬರುತ್ತದೆ, ಆದರೆ ದಿನಾಂಕ ಮೊದಲೇ ಘೋಷಿಸಿರುತ್ತಾರೆ. ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಖಾತ್ರಿಪಡಿಸಿದ ಪ್ರಾದೇಶಿಕ ರೈಲುಗಳು ಓಡುತ್ತವೆ. ಅಂದು ಬೆಟ್ಟದ ಬಸ್ಸನ್ನು ನಂಬಬೇಡಿ.

ಕಾರು ಬೇಕೇ ಬೇಕಾದ ಕಡೆ

ಟಸ್ಕನಿಯ ವಾಲ್ ದೊರ್ಚಾ ಕಣಿವೆ. ಪಿಯೆಂಜಾ, ಮಾಂಟಾಲ್ಚಿನೊ, ಬಾನ್ಯೊ ವಿನ್ಯೋನಿ, ಸಾಂಟಾಂಟಿಮೊ ಮಠ, ಸ್ವಲ್ಪ ಪಕ್ಕದಲ್ಲಿ ಮಾಂಟೆಪುಲ್ಚಾನೊ. ಕ್ಯಾಲೆಂಡರ್‌ನಲ್ಲಿ ನೋಡಿದ ಆ ಸೈಪ್ರಸ್ ಮರದ ಸಾಲು, ಅಲೆಯಂಥ ಗದ್ದೆಗಳೆಲ್ಲ ಇಲ್ಲಿಯವೇ, ಮತ್ತು ಅವು ಯಾವ ಊರಿನಲ್ಲೂ ಇಲ್ಲ, ಊರುಗಳ ನಡುವಿನ ರಸ್ತೆಯಲ್ಲಿವೆ. ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಸಿಯೆನಾದಿಂದ ಪಿಯೆಂಜಾ ಮೇಲಾಗಿ ಮಾಂಟೆಪುಲ್ಚಾನೊಗೆ 112 ನಂಬರ್ ಬಸ್ಸಿದೆ, ದಿನಕ್ಕೆ ಕೆಲವೇ ಸರ್ತಿ, ಭಾನುವಾರ ಅದನ್ನು ನೆಚ್ಚುವಂತಿಲ್ಲ. ಕಾರಿನಲ್ಲಾದರೆ ಪಿಯೆಂಜಾ-ಮಾಂಟೆಪುಲ್ಚಾನೊ ನಡುವಿನ 14 ಕಿಲೋಮೀಟರ್‌ಗೆ ಇಪ್ಪತ್ತು ನಿಮಿಷ, ದಾರಿಯಲ್ಲಿ ನಾಲ್ಕು ಸಲ ನಿಲ್ಲಿಸಿದರೆ ಒಂದು ಗಂಟೆ. ಮಾಂಟೆಪುಲ್ಚಾನೊ ಹೆಸರಿನ ಸ್ಟೇಷನ್ ಇದೆ ಎಂದು ಹಿಗ್ಗಬೇಡಿ, ಅದು ಊರಿನಿಂದ ಬಹಳ ಕೆಳಗೆ. ರೈಲಿನವರಿಗೆ ಕಿಯುಸಿಯಲ್ಲಿಳಿದು ಬಸ್ ಹಿಡಿಯುವುದೇ ಸರಿ.

ಚಿವಿಟಾ ದಿ ಬಾನ್ಯೊರೆಜೊ ಎರಡರ ನಡುವಿನದು. ಒರ್ವಿಯೆಟೊದಿಂದ ಬಾನ್ಯೊರೆಜೊಗೆ ವಾರದ ದಿನ ಬಸ್ಸಿದೆ, ಇಳಿದ ಮೇಲೆ ಸೇತುವೆವರೆಗೆ ಅರ್ಧ ಗಂಟೆಯ ನಡಿಗೆ. ಸುಮಾರು 300 ಮೀಟರ್ ಉದ್ದದ ಆ ಕಾಲುಸೇತುವೆ ದಾಟಲು 5 ಯೂರೋ ಪ್ರವೇಶ ಶುಲ್ಕ. ಕಾರಿನಲ್ಲಿ ಬಂದವರೂ ಅಲ್ಲಿ ನಡೆಯಲೇಬೇಕು.

ಕಾರು ಹಿಡಿಯುವ ಮುಂಚೆ

ಭಾರತದ ಲೈಸೆನ್ಸ್ ಒಂದೇ ಸಾಲದು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಹೊರಡುವ ಮುಂಚೆಯೇ ನಿಮ್ಮ ಆರ್‌ಟಿಒದಲ್ಲಿ ಮಾಡಿಸಬೇಕು, ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲಿ, ಶುಲ್ಕ 1000 ರೂಪಾಯಿ, ಒಂದು ವರ್ಷ ಚಾಲ್ತಿ. ಮೂಲ ಲೈಸೆನ್ಸ್ ಜೊತೆಗಿರಲಿ, ಎರಡೂ ಸೇರಿದರೇ ಬೆಲೆ. ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎಂದು ವೆಬ್‌ಸೈಟ್‌ಗಳು ಡಾಲರ್‌ಗೆ ಮಾರುವ ಕಾರ್ಡುಗಳು ಬರೀ ಪ್ಲಾಸ್ಟಿಕ್. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ನೆಲೆಸಿ ಅಲ್ಲಿನ ಲೈಸೆನ್ಸ್ ಪಡೆದಿರುವ ಕನ್ನಡಿಗರಿಗೆ ಈ ರಗಳೆ ಇಲ್ಲ.

ಕೌಂಟರ್‌ನಲ್ಲಿ ಕೇಳುವುದು ಚಾಲಕನ ಹೆಸರಿನದೇ ಕ್ರೆಡಿಟ್ ಕಾರ್ಡ್. ಗಂಡ ಓಡಿಸುವುದು, ಕಾರ್ಡ್ ಹೆಂಡತಿಯದು ಎಂದರೆ ಒಪ್ಪುವುದಿಲ್ಲ, ಡೆಬಿಟ್ ಕಾರ್ಡನ್ನೂ ಹೆಚ್ಚಿನವರು ಬೇಡವೆನ್ನುತ್ತಾರೆ. ಠೇವಣಿಯಾಗಿ ಸಾವಿರ ಯೂರೋ ಮೇಲ್ಪಟ್ಟು ಹಿಡಿದಿಟ್ಟರೂ ಆಶ್ಚರ್ಯವಿಲ್ಲ, ಮಿತಿ ನೋಡಿಕೊಂಡು ಹೋಗಿ. ಬಾಡಿಗೆಯಲ್ಲೇ ಅಪಘಾತದ ವಿಮೆ ಸೇರಿದ್ದರೂ ಮೊದಲ ಒಂದೆರಡು ಸಾವಿರ ಯೂರೋ ನಷ್ಟ ನಿಮ್ಮದೇ. ಟೈರು, ಗಾಜು, ಕಾರಿನ ತಳ ಬಹಳ ಸಲ ವಿಮೆಯ ಹೊರಗೆ. ವಾಲ್ ದೊರ್ಚಾದ ಬಿಳಿ ಜಲ್ಲಿ ರಸ್ತೆಗಳು ತಿನ್ನುವುದು ಇವನ್ನೇ. ಕೀಲಿ ಪಡೆದ ಕೂಡಲೇ ನಾಲ್ಕು ಬದಿ, ನಾಲ್ಕು ಚಕ್ರದ ಅಂಚು, ಪೆಟ್ರೋಲ್ ಮುಳ್ಳು ವಿಡಿಯೊ ಮಾಡಿಕೊಳ್ಳಿ.

ಚಾರ್ಮಾಡಿ, ಆಗುಂಬೆ ಇಳಿದವರಿಗೆ ಇಲ್ಲಿನ ತಿರುವುಗಳು ಲೆಕ್ಕಕ್ಕಿಲ್ಲ. ಕಷ್ಟ ಕೊಡುವುದು ಬಲಬದಿಯ ಓಡಾಟ, ಬಲಗೈಗೆ ಬಂದ ಗೇರು. ಹೆಚ್ಚಿನ ಅಗ್ಗದ ಕಾರುಗಳು ಗೇರ್ ಬದಲಿಸುವಂಥವೇ, ಆಟೊಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಕೇಳಿ, ದರ ಜಾಸ್ತಿ. ಮೊದಲ ದಿನ ಎಡವುವುದು ಖಾಲಿ ರಸ್ತೆಯಲ್ಲಿ: ಪೆಟ್ರೋಲ್ ಬಂಕಿನಿಂದ ಹೊರಬಿದ್ದಾಗ, ಎದುರು ವಾಹನ ಇಲ್ಲದಾಗ, ಕೈ ತಾನಾಗಿ ಎಡಕ್ಕೆ ಹೊರಳುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿಗೂ ‘ಬಲಕ್ಕೆ’ ಎಂದು ನೆನಪಿಸುತ್ತಿರಲಿ.

ಝಡ್‌ಟಿಎಲ್ ಎಂಬ ಬಲೆ

ಪ್ರತಿ ಹಳೇ ಊರಿನ ನಡುಭಾಗ ಝಡ್‌ಟಿಎಲ್, ಅಂದರೆ ಪರವಾನಗಿ ಇದ್ದ ವಾಹನಕ್ಕೆ ಮಾತ್ರ ಪ್ರವೇಶ. ಗೇಟ್ ಇಲ್ಲ, ಪೊಲೀಸ್ ಇಲ್ಲ. ಕೆಂಪು ಅಂಚಿನ ಬಿಳಿ ದುಂಡು ಫಲಕ, ಮೇಲೊಂದು ಕ್ಯಾಮೆರಾ. ಕೆಲವು ಕಡೆ ಅಕ್ಷರ ಮಿನುಗುವ ಬೋರ್ಡ್ ಇರುತ್ತದೆ. ಇಲ್ಲೇ ಎಲ್ಲರೂ ಬೀಳುವುದು. ‘ವಾರ್ಕೊ ಆಟ್ಟಿವೊ’ ಅಂದರೆ ‘ದ್ವಾರ ಸಕ್ರಿಯ’. ದ್ವಾರ ತೆರೆದಿದೆ ಎಂದುಕೊಂಡು ನುಗ್ಗುತ್ತಾರೆ. ಸಕ್ರಿಯವಾಗಿರುವುದು ಕ್ಯಾಮೆರಾ, ಹೋಗುವಂತಿಲ್ಲ ಎಂದರ್ಥ. ‘ನೊನ್ ಆಟ್ಟಿವೊ’ ಎಂದಿದ್ದರೆ ಹೋಗಬಹುದು.

ದಂಡ 83 ಯೂರೋದಿಂದ ಶುರು, ಅದರ ಮೇಲೆ ಖರ್ಚುಗಳು. ತಿಂಗಳುಗಳ ನಂತರ ಮೊದಲು ಕಾರ್ಡಿನಿಂದ 30–60 ಯೂರೋ ಕಡಿತವಾಗುತ್ತದೆ. ಅದು ದಂಡವಲ್ಲ, ನಿಮ್ಮ ವಿಳಾಸವನ್ನು ಪೊಲೀಸರಿಗೆ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ಹಾಕುವ ಶುಲ್ಕ. ನಿಜವಾದ ದಂಡದ ಪತ್ರ ಆಮೇಲೆ ಮನೆಗೆ ಬರುತ್ತದೆ, 5 ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ.

ತಪ್ಪಿಸಿಕೊಳ್ಳುವ ದಾರಿ ಸುಲಭ. ನಕ್ಷೆಯ ಆ್ಯಪ್‌ಗೆ ಹೋಟೆಲ್ ಹೆಸರನ್ನಾಗಲಿ ‘ಸೆಂಟ್ರೊ’ ಎಂದಾಗಲಿ ಕೊಡಲೇಬೇಡಿ, ಪಾರ್ಕಿಂಗ್ ಜಾಗದ ಹೆಸರು ಕೊಡಿ. ಸಿಯೆನಾಗೆ ಸಾಂಟಾ ಕತೆರೀನಾ, ಅಲ್ಲಿಂದ ಎಸ್ಕಲೇಟರ್ ಇದೆ. ಒರ್ವಿಯೆಟೊಗೆ ಕಾಂಪೊ ದೆಲ್ಲಾ ಫಿಯೆರಾ, ಲಿಫ್ಟಿದೆ. ಕೊರ್ಟೋನಾಗೆ ಸ್ಪಿರಿಟೊ ಸಾಂಟೊ, ಅಸಿಸಿಗೆ ಮೊಯಾನೊ, ಟೋಡಿಗೆ ಪೋರ್ಟಾ ಒರ್ವಿಯೆಟಾನಾ, ಸಾನ್ ಜಿಮಿನ್ಯಾನೊಗೆ ಪಿ1 ಜುಬಿಲೆಯೊ, ಸ್ವಲ್ಪ ದೂರವಾದರೂ ಅಗ್ಗ. ಹೋಟೆಲ್ ಝಡ್‌ಟಿಎಲ್ ಒಳಗಿದ್ದರೆ ಕಾರಿನ ನಂಬರನ್ನು ನೋಂದಾಯಿಸುತ್ತೀರಾ ಎಂದು ಮೊದಲೇ ಬರೆದು ಕೇಳಿ, ಉತ್ತರ ಬರಹದಲ್ಲೇ ಇರಲಿ.

ನೀಲಿ ಗೆರೆ ಹಣ ಕೊಟ್ಟು ನಿಲ್ಲಿಸುವುದು, ಬಿಳಿ ಪುಕ್ಕಟೆ, ಹಳದಿ ನಮ್ಮದಲ್ಲ. ಬಿಳಿ ಗೆರೆಯ ಪಕ್ಕ ಗಡಿಯಾರದ ಚಿತ್ರದ ಫಲಕವಿದ್ದರೆ ಬಂದ ಹೊತ್ತನ್ನು ತೋರಿಸುವ ರಟ್ಟಿನ ಗಡಿಯಾರ ಗಾಜಿನೊಳಗಿಡಬೇಕು. ಸಂತೆಯ ದಿನದ ಫಲಕವನ್ನು ಓದದೆ ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಕಾರಿನ ಜಾಗದಲ್ಲಿ ತರಕಾರಿ ಅಂಗಡಿ ಇರುತ್ತದೆ.

ಟೋಲ್‌ನಲ್ಲಿ ಹಳದಿ ‘ಟೆಲೆಪಾಸ್’ (ನಮ್ಮ ಫಾಸ್ಟ್ಯಾಗ್‌ನಂಥದ್ದು) ಸಾಲಿಗೆ ಹೋಗಬೇಡಿ. ಹೆದ್ದಾರಿಯ ಮಿತಿ 130, ಮಳೆಯಲ್ಲಿ 110. ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90, ಊರೊಳಗೆ 50. ಫ್ಲಾರೆನ್ಸ್-ಸಿಯೆನಾ ಜೋಡಿ ರಸ್ತೆಗೆ ಟೋಲ್ ಇಲ್ಲ, ವೇಗದ ಕ್ಯಾಮೆರಾ ಇದೆ. ಬಂಕಿನಲ್ಲಿ ಸಿಬ್ಬಂದಿ ತುಂಬಿಸಿಕೊಡುವ ‘ಸೆರ್ವಿಟೊ’ ಸಾಲಿಗಿಂತ ನಾವೇ ತುಂಬಿಸಿಕೊಳ್ಳುವ ‘ಸೆಲ್ಫ್’ ಅಗ್ಗ. ‘ಬೆಂಜೀನಾ’ ಪೆಟ್ರೋಲ್, ‘ಗಜೋಲಿಯೊ’ ಡೀಸೆಲ್, ‘ಗ್ಯಾಸ್’ ಎಂದು ಕಿವಿಗೆ ಬಿದ್ದು ಗಜೋಲಿಯೊ ತುಂಬಿಸಿದರೆ ಇಂಜಿನ್ ಕಥೆ ಮುಗಿಯಿತು. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಫಲಕ ಹಾಕಿದ ರಸ್ತೆಗಳಲ್ಲಿ ಚಳಿಗಾಲದ ಟೈರೋ ಚೈನೋ ಕಡ್ಡಾಯ.

ಖರ್ಚು ಮತ್ತು ಸೂಟ್‌ಕೇಸ್

ಮೂರು ದಿನಕ್ಕೆ ಒಂದು ಅಂದಾಜು ಹಾಕೋಣ. ಚಿಕ್ಕ ಕಾರಿಗೆ ದಿನಕ್ಕೆ 60 ಯೂರೋ ಹಿಡಿದರೆ 180. ಮುನ್ನೂರು ಕಿಲೋಮೀಟರ್‌ಗೆ 18 ಲೀಟರ್ ಪೆಟ್ರೋಲ್, ಲೀಟರಿಗೆ 1.80ರಂತೆ 32. ಪಾರ್ಕಿಂಗ್ ದಿನಕ್ಕೆ 15ರಂತೆ 45. ಒಟ್ಟು 257. ರೈಲು-ಬಸ್ಸಿಗೆ ತಲೆಗೆ ದಿನಕ್ಕೆ 20 ಯೂರೋ ಎಂದರೆ ಇಬ್ಬರಿಗೆ 120, ನಾಲ್ವರಿಗೆ 240. ಹಣದ ಮಟ್ಟಿಗೆ ಕಾರು ಸಮವಾಗುವುದು ನಾಲ್ವರಿದ್ದಾಗ. ಆದರೆ ನಾಲ್ವರು 23 ಕಿಲೋ ಸೂಟ್‌ಕೇಸ್‌ಗಳೊಂದಿಗೆ ಬಂದರೆ ಚಿಕ್ಕ ಕಾರು ಸಾಲುವುದಿಲ್ಲ. ಫಿಯೆಟ್ ಪಾಂಡಾದ ಡಿಕ್ಕಿ 225 ಲೀಟರ್, ದೊಡ್ಡ ಪೆಟ್ಟಿಗೆ ಎರಡಿಟ್ಟರೆ ಭರ್ತಿ. ಉಳಿದದ್ದು ಹಿಂದಿನ ಸೀಟಿನಲ್ಲಿ ಕಾಣುವಂತಿದ್ದರೆ ಪಾರ್ಕಿಂಗ್‌ನಲ್ಲಿ ಗಾಜು ಒಡೆಯುವವರಿಗೆ ಆಹ್ವಾನ. ರೈಲಿನವರಿಗೂ ಪೆಟ್ಟಿಗೆಯೇ ಶತ್ರು: ಕಲ್ಲುಹಾಸಿನ ಏರು ಬೀದಿಯಲ್ಲಿ ಚಕ್ರ ಉರುಳುವುದಿಲ್ಲ. ಬೆಟ್ಟದ ಮೇಲೆ ಉಳಿಯುವವರು ಎರಡು ದಿನದ ಬಟ್ಟೆ ಬೆನ್ನಿಗೆ ಹಾಕಿಕೊಂಡು ದೊಡ್ಡದನ್ನು ರೋಮ್ ಅಥವಾ ಫ್ಲಾರೆನ್ಸ್‌ನ ಹೋಟೆಲ್‌ನಲ್ಲಿ ಬಿಟ್ಟುಬರಲಿ.

ಎರಡನ್ನೂ ಬೆರೆಸಿದರೆ

ಎಂಟೊಂಬತ್ತು ದಿನ ಇದ್ದವರಿಗೆ ನಾವು ಹೇಳುವುದು ಇದು. ರೋಮ್‌ನಿಂದ ರೈಲಿನಲ್ಲಿ ಒರ್ವಿಯೆಟೊ, ಒಂದು ರಾತ್ರಿ. ಅಲ್ಲಿಂದ ರೈಲು ಬದಲಿಸಿ ಫೊಲಿನ್ಯೊ, ಮೂರು ರಾತ್ರಿ: ಅಸಿಸಿ, ಸ್ಪೆಲ್ಲೊ, ಸ್ಪೊಲೆಟೊ. ನಂತರ ಪೆರುಜಾದಲ್ಲಿ ಕಾರು ಹಿಡಿದು ಕೊರ್ಟೋನಾ ಮೇಲಾಗಿ ವಾಲ್ ದೊರ್ಚಾ, ಎರಡು ರಾತ್ರಿ ಯಾವುದಾದರೂ ತೋಟದ ಮನೆಯಲ್ಲಿ. ಮೂರನೇ ದಿನ ಸಿಯೆನಾದಲ್ಲಿ ಕಾರು ಒಪ್ಪಿಸಿ, ಬಸ್ಸಿನಲ್ಲಿ ಫ್ಲಾರೆನ್ಸ್. ರೋಮ್, ಫ್ಲಾರೆನ್ಸ್ ಎರಡರೊಳಗೂ ಚಕ್ರ ಹಿಡಿಯುವ ಪ್ರಮೇಯವೇ ಬರುವುದಿಲ್ಲ.

ಒಂದೂರಲ್ಲಿ ಹಿಡಿದು ಇನ್ನೊಂದೂರಲ್ಲಿ ಬಿಟ್ಟರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಬುಕ್ ಮಾಡುವಾಗಲೇ ಎರಡೂ ರೀತಿ ಹಾಕಿ ನೋಡಿ. ಇಂಥ ಊರುಗಳ ಬಾಡಿಗೆ ಕಚೇರಿಗಳು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಾಗಿಲು ಹಾಕುವುದುಂಟು, ಶನಿವಾರ ಅರ್ಧ ದಿನ, ಭಾನುವಾರ ಮುಚ್ಚಿರುವುದೇ ಹೆಚ್ಚು. ಒಪ್ಪಿಸುವ ದಿನ ವಾರದ ನಡುವೆ ಬರುವಂತೆ ಲೆಕ್ಕ ಹಾಕಿ, ಬೆಳಗ್ಗೆ ಹನ್ನೊಂದಕ್ಕೆ ಮುಟ್ಟಿ. ಟ್ಯಾಂಕ್ ತುಂಬಿಸಿದ ರಸೀದಿ ಕೈಯಲ್ಲಿರಲಿ, ಕಾರು ನೋಡಿಯಾಯಿತು ಎಂಬ ಸಹಿ ಹಾಕಿಸಿಕೊಂಡೇ ಕೀಲಿ ಕೊಡಿ.